ಜೋಡು ಏಕೆ ಕಚ್ಚುತ್ತದೆ?

ಹೊಸ ಜೋಡು ಕಾಲಿಗೆ ನೋವು ಕೊಟ್ಟಾಗ ಕನ್ನಡಿಗರು ಆಡುವ ಮಾತು ಒಂದೇ: 'ಕಚ್ಚುತ್ತದೆ'. ಒತ್ತುತ್ತದೆ ಎನ್ನಬಹುದಿತ್ತು, ಉಜ್ಜುತ್ತದೆ ಎನ್ನಬಹುದಿತ್ತು. ಆದರೆ ನಮ್ಮ ಜನ ಜೋಡಿಗೆ ಹಲ್ಲುಗಳನ್ನೇ ಕೊಟ್ಟುಬಿಟ್ಟಿದ್ದಾರೆ. ಪಾದರಕ್ಷೆ ಎಂಬ ಸಂಸ್ಕೃತದ ಹೆಸರು ಕಾಲಿಗೆ ಅಭಯವನ್ನು ನೀಡುತ್ತದೆ. ಕಚ್ಚುವುದು ಎಂಬ ನಮ್ಮ ಮನೆಮಾತಿನ ಕ್ರಿಯಾಪದ ಆ ಅಭಯ ಎಷ್ಟು ಸಲ ಹುಸಿಯಾಗಿದೆ ಎಂಬುದನ್ನು ಸಾರುತ್ತದೆ. ಕಾಯಬೇಕಾದದ್ದೇ ಕಚ್ಚಿದರೆ ತಪ್ಪು ಯಾರದು? ಕಾಲಿನದೋ, ಜೋಡಿನದೋ, ಅದನ್ನು ಮಾಡಿದವನದೋ, ಕಣ್ಣಿಗೆ ಚೆಂದ ಕಂಡಿತೆಂದು ಕೊಂಡವನದೋ? ಈ ಪ್ರಶ್ನೆಗೆ ಒಂದು ದೀರ್ಘವಾದ ಇತಿಹಾಸವಿದೆ. ಇಂದು ಅದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕೊಡಚಾದ್ರಿ, ಕುಮಾರಪರ್ವತ, ಮುಳ್ಳಯ್ಯನಗಿರಿಗಳನ್ನು ಹತ್ತಲು ಹೊರಡುವ ತರುಣ ಮಿತ್ರರು ನನ್ನನ್ನು ಆಗಾಗ ಕೇಳುವುದುಂಟು: 'ಬೆಟ್ಟಕ್ಕೂ ಆಗಬೇಕು, ನಿತ್ಯ ಕಚೇರಿಗೂ ಆಗಬೇಕು, ಕಾಲಿಗೆ ಹಿತವಾಗಿರಬೇಕು, ನಾಲ್ಕಾರು ವರ್ಷ ಬಾಳಲೂಬೇಕು. ಅಂಥ ಬೂಟು ಯಾವುದು?' ನಾನು ಅಂಗಡಿಯವನಲ್ಲ, ಇತಿಹಾಸದ ವಿದ್ಯಾರ್ಥಿ. ಆದರೂ ಈ ಪ್ರಶ್ನೆಗೆ ಇತಿಹಾಸದಲ್ಲಿ ದೊರೆಯುವ ಉತ್ತರ ಅಂಗಡಿಯಲ್ಲಿ ದೊರೆಯುವ ಉತ್ತರಕ್ಕಿಂತ ಹೆಚ್ಚು ಉಪಯುಕ್ತವೆಂದು ನನಗೆ ತೋರಿದೆ. ಏಕೆಂದರೆ ಇಂದಿನ ಒಂದು ಒಳ್ಳೆಯ ಬೂಟನ್ನು ಕೈಯಲ್ಲಿ ಹಿಡಿದು ನೋಡಿದರೆ, ಅದರ ಬೆರಳ ಭಾಗದ ಅಗಲ, ಅಟ್ಟೆಯ ಹಲ್ಲು, ಅಂಚಿನ ಹೊಲಿಗೆ, ತೊಗಲಿನ ಹದ, ಇವುಗಳಲ್ಲಿ ಒಂದೊಂದರ ಹಿಂದೆಯೂ ಯಾರದೋ ಕಾಲು ನೊಂದ ಕಥೆಯಿದೆ. ಕೆಲವು ಕಡೆ ಪ್ರಾಣವೇ ಹೋದ ಕಥೆಯಿದೆ.

ಮೊದಲು ಬಹಳ ಹಿಂದಕ್ಕೆ ಹೋಗೋಣ. ೧೯೩೮ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಫೋರ್ಟ್ ರಾಕ್ ಎಂಬಲ್ಲಿನ ಒಂದು ಗುಹೆಯಲ್ಲಿ, ಲೂಥರ್ ಕ್ರೆಸ್‌ಮನ್ ಎಂಬ ವಿದ್ವಾಂಸರು ಕುರುಚಲು ಗಿಡದ ತೊಗಟೆಯನ್ನು ಹೆಣೆದು ಮಾಡಿದ ಹತ್ತಾರು ಪಾದರಕ್ಷೆಗಳನ್ನು ಹೊರತೆಗೆದರು. ಅವು ಒಂಬತ್ತು ಸಾವಿರ ವರ್ಷಗಳಿಗೂ ಹಿಂದಿನವು. ಬೆರಳುಗಳನ್ನು ಮುಚ್ಚಲು ಮುಂದೊಂದು ಮಡಿಕೆ, ಕಣಕಾಲಿಗೆ ಕಟ್ಟಲು ಹುರಿ. ಬೇಸಾಯವನ್ನೇ ಅರಿಯದಿದ್ದ ಆ ಜನ ಬೆರಳನ್ನು ಕಾಯಬೇಕೆಂಬುದನ್ನು ಅರಿತಿದ್ದರು.

ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಆಲ್ಪ್ಸ್ ಪರ್ವತದ ಹಿಮಮಾನವನ ಜೋಡು. ೧೯೯೧ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯ ಮತ್ತು ಇಟಲಿಗಳ ಗಡಿಯಲ್ಲಿ, ಕರಗುತ್ತಿದ್ದ ಹಿಮದ ನಡುವೆ, ಸುಮಾರು ೫,೩೦೦ ವರ್ಷಗಳ ಹಿಂದೆ ಸತ್ತ ಮನುಷ್ಯನೊಬ್ಬನ ದೇಹ ದೊರೆಯಿತು. ಎಟ್ಸಿ ಎಂದು ಅವನಿಗೆ ಹೆಸರಿಟ್ಟಿದ್ದಾರೆ. ಅವನ ಕಾಲಲ್ಲಿದ್ದ ಜೋಡಿನ ಅಟ್ಟೆ ಕರಡಿಯ ತೊಗಲಿನದು. ಮೇಲ್ಭಾಗ ಜಿಂಕೆಯ ಜಾತಿಯ ಪ್ರಾಣಿಯ ತೊಗಲಿನದು. ಒಳಗೆ ಮರದ ನಾರಿನಿಂದ ಹೆಣೆದ ಒಂದು ಬಲೆ. ಬಲೆಗೂ ತೊಗಲಿಗೂ ನಡುವೆ ತುಂಬಿದ ಒಣಹುಲ್ಲು. ನೆಲವನ್ನು ಹಿಡಿಯಲು ಒಂದು ಪದರ, ನೀರನ್ನೂ ಗಾಳಿಯನ್ನೂ ತಡೆಯಲು ಒಂದು ಪದರ, ಕಾಲನ್ನು ಸಡಿಲವಾಗದಂತೆ ಹಿಡಿದಿಡಲು ಒಂದು ಪದರ, ಬೆಚ್ಚಗಿಡಲು ಇನ್ನೊಂದು ಪದರ. ಇಂದು ಬೆಟ್ಟ ಹತ್ತುವವರಿಗೆಂದು ಮಾರುವ ಬೂಟಿನಲ್ಲಿಯೂ ಇರುವುದು ಈ ನಾಲ್ಕು ಕೆಲಸಗಳೇ. ಜೆಕ್ ದೇಶದ ಪ್ರಾಧ್ಯಾಪಕ ಪೇಟರ್ ಹ್ಲವಾಚೆಕ್ ಎಂಬವರು ಇದೇ ರೀತಿಯ ಜೋಡುಗಳನ್ನು ಇದೇ ಸಾಮಗ್ರಿಗಳಿಂದ ಮಾಡಿಸಿ, ಬೆಟ್ಟಗಳಲ್ಲಿ ನಡೆಸಿ ಪರೀಕ್ಷಿಸಿದರು. ಅವು ಬೆಚ್ಚಗಿದ್ದವು, ಕಾಲನ್ನು ಕಚ್ಚಲಿಲ್ಲ.

ಹಾಗಾದರೆ ಕಚ್ಚುವ ಜೋಡು ಹುಟ್ಟಿದ್ದು ಯಾವಾಗ? ನನಗೆ ತೋರುವಂತೆ, ಮಾಡುವವನಿಗೂ ತೊಡುವವನಿಗೂ ನಡುವೆ ದೂರ ಬೆಳೆದಾಗ. ತನ್ನ ಕಾಲಿಗೆ ತಾನೇ ಮಾಡಿಕೊಂಡವನು, ಅಥವಾ ಎದುರಿಗೆ ಕುಳಿತವನ ಕಾಲನ್ನು ಮುಟ್ಟಿ ಅಳತೆ ತೆಗೆದುಕೊಂಡವನು, ಕಾಲನ್ನು ಮರೆಯಲಾರ. ಯಾರ ಕಾಲಿಗೆಂದು ತಿಳಿಯದೆ ಸಾವಿರ ಜೋಡುಗಳನ್ನು ಮಾಡುವವನು ಮರೆಯಬಲ್ಲ. ಇಂಥ ಸಾವಿರಗಟ್ಟಲೆ ಜೋಡುಗಳ ಮೊದಲ ದೊಡ್ಡ ಗಿರಾಕಿ ಸೈನ್ಯ. ರೋಮಿನ ಸೈನಿಕರ 'ಕಲಿಗ' ಎಂಬ ಮೊಳೆ ಜಡಿದ ಜೋಡು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಬಾಲ್ಯದಲ್ಲಿ ಅಂಥ ಪುಟ್ಟ ಜೋಡು ತೊಟ್ಟು ಪಾಳೆಯದಲ್ಲಿ ಓಡಾಡಿದ ಹುಡುಗನೊಬ್ಬ ಚಕ್ರವರ್ತಿಯಾದ ಮೇಲೂ ಕಲಿಗುಲ, ಎಂದರೆ ಪುಟ್ಟ ಜೋಡಿನವನು, ಎಂಬ ಅಡ್ಡಹೆಸರಿನಿಂದಲೇ ಚರಿತ್ರೆಯಲ್ಲಿ ಉಳಿದ. ಬ್ರಿಟನ್ನಿನ ಉತ್ತರದ ವಿಂಡೊಲಾಂಡ ಎಂಬ ರೋಮನ್ ಕೋಟೆಯ ಹಸಿಮಣ್ಣಿನಲ್ಲಿ ಇದುವರೆಗೆ ಐದು ಸಾವಿರಕ್ಕೂ ಮಿಕ್ಕಿದ ಜೋಡುಗಳು ಸಿಕ್ಕಿವೆ. ಎಡಗಾಲಿನದು ಬೇರೆ, ಬಲಗಾಲಿನದು ಬೇರೆ ಎಂಬ ಭೇದ ರೋಮನರಿಗೆ ಚೆನ್ನಾಗಿ ತಿಳಿದಿತ್ತು.

ಆಶ್ಚರ್ಯವೆಂದರೆ ಈ ಭೇದವನ್ನು ಯುರೋಪು ಮುಂದೆ ಮರೆತುಬಿಟ್ಟಿತು. ಸುಮಾರು ೧೬೦೦ರ ಹೊತ್ತಿಗೆ ಎತ್ತರದ ಹಿಮ್ಮಡಿಯ ಜೋಡು ಬಳಕೆಗೆ ಬಂತು. ಜೋಡನ್ನು ಹೊಲಿಯಬೇಕಾದರೆ ಒಳಗೆ ಮರದ ಪಾದದಚ್ಚು ಬೇಕು. ಹಿಮ್ಮಡಿ ಎತ್ತರವಾದ ಮೇಲೆ, ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ಅಚ್ಚುಗಳನ್ನು ಕೈಯಿಂದ ಕೆತ್ತುವುದು ಕಷ್ಟವಾಯಿತು. ಸುಲಭದ ದಾರಿ ಕಂಡುಕೊಂಡರು: ಎರಡೂ ಕಾಲಿಗೆ ಒಂದೇ ನೇರವಾದ ಅಚ್ಚು. ಹೀಗೆ ಎರಡು ಶತಮಾನಗಳ ಕಾಲ ಯುರೋಪಿನ ಜನ ಎಡಬಲಗಳಿಲ್ಲದ ಜೋಡಿನಲ್ಲಿ ನಡೆದರು. ಅಟ್ಟೆ ಒಂದೇ ಪಕ್ಕಕ್ಕೆ ಸವೆಯದಿರಲೆಂದು ಎಡಗಾಲಿನದನ್ನು ಬಲಗಾಲಿಗೂ ಬಲಗಾಲಿನದನ್ನು ಎಡಗಾಲಿಗೂ ದಿನ ಬಿಟ್ಟು ದಿನ ಬದಲಿಸಿ ತೊಡುವ ಪದ್ಧತಿ ಬ್ರಿಟಿಷ್ ಸೈನ್ಯದಲ್ಲಿತ್ತು. ಜೋಡಿನ ಬಾಳಿಕೆ ಹೆಚ್ಚಿತು. ಕಾಲಿನ ಗತಿ ಕೇಳುವವರಿರಲಿಲ್ಲ. ಬಾಳಿಕೆ ಮತ್ತು ಹಿತ ಎರಡೂ ಒಂದೇ ಅಲ್ಲ, ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಅವಿವೇಕವನ್ನು ಕಂಡು ಮೊದಲು ಲೇಖನಿ ಹಿಡಿದವರಲ್ಲಿ ಡಚ್ ಅಂಗರಚನಾಶಾಸ್ತ್ರಜ್ಞ ಪೆಟ್ರಸ್ ಕಾಂಪರ್ ಒಬ್ಬರು. ದೊಡ್ಡ ದೊಡ್ಡ ವಿಷಯಗಳ ಮೇಲೆ ಗ್ರಂಥ ಬರೆದಿದ್ದ ಈ ವಿದ್ವಾಂಸರು ೧೭೮೧ರಲ್ಲಿ, ಜೋಡಿಗೆ ಅತ್ಯುತ್ತಮವಾದ ಆಕಾರ ಯಾವುದು ಎಂಬುದನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಕುದುರೆಯ ಗೊರಸಿಗೆ, ಎತ್ತಿನ ಗೊರಸಿಗೆ ತಕ್ಕ ಲಾಳವನ್ನು ಆಲೋಚಿಸಿ ಮಾಡುವ ಮನುಷ್ಯ ತನ್ನ ಸ್ವಂತ ಕಾಲನ್ನು ಮಾತ್ರ ಕಡೆಗಣಿಸಿದ್ದಾನೆ ಎಂಬುದು ಅವರ ಕೊರಗು. ವಿದ್ವತ್ತಿಗೆ ತಕ್ಕ ವಿಷಯವೇ ಇದು ಎಂದು ಅಂದಿನವರು ಕೇಳಿದ್ದರೆ ಅಚ್ಚರಿಯಿಲ್ಲ. ಇಂದೂ ಹಾಗೆ ಕೇಳುವವರಿದ್ದಾರೆ.

ಇನ್ನು ಯುದ್ಧಭೂಮಿಯ ಕಡೆಗೆ ತಿರುಗೋಣ. ೧೮೦೯ರ ಜನವರಿಯಲ್ಲಿ ಸ್ಪೇನಿನ ಕೊರುನ್ನದಿಂದ ಹಿಮ್ಮೆಟ್ಟಿದ ಬ್ರಿಟಿಷ್ ಸೈನಿಕರು ಹಡಗುಗಳಲ್ಲಿ ಇಂಗ್ಲೆಂಡಿಗೆ ಮರಳಿದರು. ಪೋರ್ಟ್ಸ್‌ಮತ್ ಬಂದರಿನಲ್ಲಿ ಇಳಿಯುತ್ತಿದ್ದ ಅವರನ್ನು, ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಾರ್ಕ್ ಇಸಂಬಾರ್ಡ್ ಬ್ರುನೆಲ್ ಎಂಬ ಎಂಜಿನಿಯರ್ ಕಂಡರು. ಸೈನಿಕರ ಕಾಲುಗಳಿಗೆ ಚಿಂದಿ ಸುತ್ತಿತ್ತು, ಗಾಯಗಳು ತುಂಬಿದ್ದವು. ಸರ್ಕಾರ ಕೊಟ್ಟ ಜೋಡೊಂದನ್ನು ಬ್ರುನೆಲ್ ಬಿಚ್ಚಿ ನೋಡಿದರು. ಎರಡು ಅಟ್ಟೆಗಳ ನಡುವೆ ಜೇಡಿಮಣ್ಣು ತುಂಬಿತ್ತು! ಗುತ್ತಿಗೆದಾರರು ತೊಗಲಿನ ಹಣ ಉಳಿಸಿಕೊಂಡಿದ್ದರು. ಹೊರಗಿನಿಂದ ನೋಡಿದರೆ ದಪ್ಪ ಅಟ್ಟೆಯ ಗಟ್ಟಿ ಜೋಡು. ಮಳೆಯಲ್ಲಿ ನಡೆದಾಗ ಮಾತ್ರ ಒಳಗಿನ ಗುಟ್ಟು ಹೊರಗೆ.

ಬ್ರುನೆಲ್ ಸುಮ್ಮನೆ ಕೂರಲಿಲ್ಲ. ಬೂಟು ತಯಾರಿಸುವ ಯಂತ್ರಗಳನ್ನು ರೂಪಿಸಿ ೧೮೧೦ರಲ್ಲಿ ಹಕ್ಕುಪತ್ರ ಪಡೆದರು. ಲಂಡನ್ನಿನ ಬ್ಯಾಟರ್ಸಿಯಲ್ಲಿ ಕಾರ್ಖಾನೆ ತೆರೆದರು. ಯುದ್ಧದಲ್ಲಿ ಅಂಗವಿಕಲರಾದ ಸೈನಿಕರನ್ನೇ ಕೆಲಸಕ್ಕೆ ಇಟ್ಟುಕೊಂಡರು. ಒಂಬತ್ತು ಅಳತೆಗಳಲ್ಲಿ, ದಿನಕ್ಕೆ ನಾನೂರು ಜೊತೆ ಜೋಡುಗಳು ಅಲ್ಲಿಂದ ಹೊರಬರುತ್ತಿದ್ದವು. ೧೮೧೫ರಲ್ಲಿ ವಾಟರ್ಲೂ ಕಾಳಗ ಮುಗಿದು ಶಾಂತಿ ನೆಲೆಸಿತು. ಸರ್ಕಾರಕ್ಕೆ ಬೂಟುಗಳ ಅಗತ್ಯ ತೀರಿತು. ಮಾರಾಟವಾಗದ ಬೂಟುಗಳ ರಾಶಿ ಬ್ರುನೆಲ್ ಅವರ ಪಾಲಿಗೆ ಉಳಿಯಿತು. ಇತರ ನಷ್ಟಗಳೂ ಸೇರಿ, ೧೮೨೧ರಲ್ಲಿ ಅವರು ಸಾಲಗಾರರ ಸೆರೆಮನೆಗೆ ಹೋಗಬೇಕಾಯಿತು. ಮುಂದೆ ಥೇಮ್ಸ್ ನದಿಯ ತಳದಲ್ಲಿ ಸುರಂಗ ಕೊರೆದು ಕೀರ್ತಿ ಪಡೆದ ಮನುಷ್ಯ ಇವರೇ. ಸಿಪಾಯಿಯ ಕಾಲನ್ನು ಕುರಿತು ಮರುಗಿದ್ದಕ್ಕೆ ಅವರಿಗೆ ಸಂದ ಪ್ರತಿಫಲ ಮಾತ್ರ ಅದು.

ಅಚ್ಚುಗಳನ್ನು ಯಂತ್ರದಿಂದ ಕಡೆಯುವುದು ಸಾಧ್ಯವಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಎಡಬಲಗಳ ಭೇದ ಮರಳಿ ಬಂತು. ಆದರೂ ಜೋಡು ಕಚ್ಚುವುದು ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದನ್ನು ಗೆರೆ ಎಳೆದು ತೋರಿಸಿದವರು ಜೂರಿಚ್ ನಗರದ ಅಂಗರಚನಾಶಾಸ್ತ್ರಜ್ಞ ಗೇಯಾರ್ಗ್ ಹೆರ್ಮಾನ್ ಫಾನ್ ಮೇಯರ್. ೧೮೫೮ರಲ್ಲಿ ಅವರು ಜೋಡಿನ ಸರಿಯಾದ ಆಕಾರವನ್ನು ಕುರಿತು ಒಂದು ಕಿರುಪುಸ್ತಕ ಬರೆದರು. ಎರಡು ವರ್ಷಗಳಲ್ಲಿ ಅದು ಇಂಗ್ಲಿಷಿಗೆ ಅನುವಾದವಾಯಿತು. ಅನುವಾದಕ್ಕೆ ಕೊಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಜೋಡು ಏಕೆ ಕಚ್ಚುತ್ತದೆ ಎಂದೇ.

ಮೇಯರ್ ಹೇಳಿದ್ದು ಸರಳ. ಆರೋಗ್ಯವಾದ ಪಾದದಲ್ಲಿ ಹೆಬ್ಬೆರಳಿನ ನಡುವೆ ಹಾದುಹೋಗುವ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಹಿಮ್ಮಡಿಯ ನಡುವನ್ನು ಮುಟ್ಟುತ್ತದೆ. ಎಂದರೆ ಹೆಬ್ಬೆರಳು ನೇರವಾಗಿ ಮುಂದಕ್ಕೆ ಚಾಚಿರುತ್ತದೆ. ಹೆಜ್ಜೆಯ ಕೊನೆಯ ತಳ್ಳುವಿಕೆಗೆ ಅದೇ ಆಧಾರ. ಆದರೆ ಜೋಡು ಮಾಡುವವರು ತುದಿಯನ್ನು ನಡುಬೆರಳಿನ ಕಡೆಗೆ ಚೂಪಾಗಿಸುತ್ತಾರೆ, ಏಕೆಂದರೆ ಎರಡು ಕಡೆಯೂ ಸಮವಾಗಿ ಬಾಗಿದ್ದರೆ ಕಣ್ಣಿಗೆ ಅಂದ. ಆ ಅಂದಕ್ಕಾಗಿ ಹೆಬ್ಬೆರಳು ಪಕ್ಕಕ್ಕೆ ವಾಲಬೇಕು, ಕಿರುಬೆರಳು ಒಳಕ್ಕೆ ಮಡಚಬೇಕು, ಗೆಣ್ಣು ಹೊರಕ್ಕೆ ಉಬ್ಬಬೇಕು. ಆಣಿ, ಬೊಬ್ಬೆ, ಉಗುರು ಮಾಂಸದೊಳಗೆ ಬೆಳೆಯುವುದು, ಇವೆಲ್ಲ ಇದರ ಸಂತಾನ. ನಿಮ್ಮ ಬರಿಗಾಲನ್ನು ಕಾಗದದ ಮೇಲಿಟ್ಟು ಸೀಸದಕಡ್ಡಿಯಿಂದ ಸುತ್ತ ಗೆರೆ ಎಳೆದು, ಅದರ ಮೇಲೆ ನಿಮ್ಮ ಜೋಡನ್ನು ಇಟ್ಟು ನೋಡಿ. ಗೆರೆ ಜೋಡಿನ ಹೊರಗೆ ಕಂಡರೆ ಅದು ಕಚ್ಚುವ ಜೋಡು. ೧೮೫೮ರಷ್ಟು ಹಿಂದಿನ ತಿಳಿವಳಿಕೆಯಿಂದ ಬಂದ ಈ ಪರೀಕ್ಷೆಗೆ ಇಂದಿಗೂ ಕಾಸು ಖರ್ಚಿಲ್ಲ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಜೋಡಿನ ಕೆಲಸ ಒಂದೊಂದಾಗಿ ಯಂತ್ರದ ಪಾಲಾಗುತ್ತಿತ್ತು. ಅಟ್ಟೆಯನ್ನು ಹೊಲಿಯುವ ಯಂತ್ರ ಬಂತು; ಮೇಲ್ದೊಗಲನ್ನು ಅಚ್ಚಿನ ಮೇಲೆ ಬಿಗಿದು ಕೂರಿಸುವ ಕೆಲಸ ಮಾತ್ರ ಬಹುಕಾಲ ನುರಿತ ಕೈಗಳಲ್ಲೇ ಉಳಿಯಿತು. ಅದನ್ನೂ ಯಂತ್ರಕ್ಕೆ ಕಲಿಸಿದವರು, ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದು ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣದಲ್ಲಿ ನೆಲೆಸಿದ ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್ ಎಂಬ ಕಪ್ಪು ಜನಾಂಗದ ಕಾರ್ಮಿಕ. ೧೮೮೩ರ ಮಾರ್ಚಿಯಲ್ಲಿ ಅವರಿಗೆ ಹಕ್ಕುಪತ್ರ ದೊರೆಯಿತು. ನುರಿತ ಕೆಲಸಗಾರ ದಿನಕ್ಕೆ ಐವತ್ತು ಜೊತೆ ಮಾಡುತ್ತಿದ್ದ ಕಡೆ ಯಂತ್ರ ನೂರೈವತ್ತರಿಂದ ಏಳುನೂರು ಜೊತೆ ಮಾಡಿತು. ಜೋಡಿನ ಬೆಲೆ ಇಳಿಯಿತು. ಬರಿಗಾಲಿನ ಬಡವರೂ ಜೋಡು ಕೊಳ್ಳುವಂತಾಯಿತು. ಇಷ್ಟನ್ನು ಸಾಧಿಸಿದ ಮಾಟ್ಸೆಲಿಗರ್ ಅರೆಹೊಟ್ಟೆಯಲ್ಲಿ ದುಡಿದು, ಕ್ಷಯರೋಗಕ್ಕೆ ತುತ್ತಾಗಿ, ೧೮೮೯ರಲ್ಲಿ ಮೂವತ್ತೇಳು ತುಂಬುವ ಮೊದಲೇ ತೀರಿಕೊಂಡರು.

ಬಾಳಿಕೆಯ ವಿಚಾರದಲ್ಲಿ ಆ ಕಾಲದ ಬಹುಮುಖ್ಯ ಕೊಡುಗೆ ಗುಡ್‌ಇಯರ್ ಹೊಲಿಗೆ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ, ಅದೇ ಹೆಸರಿನವರು, ೧೮೭೦ರ ಆಸುಪಾಸಿನಲ್ಲಿ ಬಳಕೆಗೆ ತಂದ ಯಂತ್ರದ ಹೊಲಿಗೆ ಇದು. ಇದರಲ್ಲಿ ಮೇಲ್ದೊಗಲನ್ನು ನೇರವಾಗಿ ಅಟ್ಟೆಗೆ ಹೊಲಿಯುವುದಿಲ್ಲ. ಜೋಡಿನ ಅಂಚಿನ ಸುತ್ತ ಒಂದು ತೊಗಲಿನ ಪಟ್ಟಿಯನ್ನು ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಬೇರೆಯಾಗಿ ಹೊಲಿಯುತ್ತಾರೆ. ನಮ್ಮೂರಿನ ಬಸ್ ನಿಲ್ದಾಣದ ಬಳಿ ಕೂರುವ ವೃದ್ಧ ಕುಶಲಿಯೊಬ್ಬರು ಇದರ ಮರ್ಮವನ್ನು ನನಗೆ ಒಂದೇ ಮಾತಿನಲ್ಲಿ ತಿಳಿಸಿದರು: 'ಇದನ್ನ ಬಿಚ್ಚಬಹುದು ಸ್ವಾಮಿ, ಅದಕ್ಕೇ ಇದು ಬಾಳ್ತದೆ.' ಸವೆದ ಅಟ್ಟೆಯನ್ನು ಬಿಚ್ಚಿ ಹೊಸದನ್ನು ಹೊಲಿದರೆ ಮೇಲ್ಭಾಗಕ್ಕೆ ಗಾಯವಾಗುವುದಿಲ್ಲ. ಬರಿಯ ಅಂಟಿನಿಂದ ಕೂಡಿಸಿದ ಇಂದಿನ ಅನೇಕ ಬೂಟುಗಳು ಹಗುರ, ಮೊದಲ ದಿನದಿಂದಲೇ ಮೃದು. ಅಟ್ಟೆ ಸವೆದ ದಿನ ಬಹುಮಟ್ಟಿಗೆ ಅವುಗಳ ಕಥೆ ಮುಗಿಯಿತು. ಅವುಗಳ ನಡುವಿನ ಪದರಕ್ಕೆ ಬಳಸುವ ಪಾಲಿಯುರಿಥೇನ್ ಎಂಬ ವಸ್ತು, ತೊಡದೆ ಪೆಟ್ಟಿಗೆಯಲ್ಲಿಟ್ಟರೂ ಗಾಳಿಯ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುವುದುಂಟು. ಮಲೆನಾಡಿನ ಮಳೆಗಾಲವನ್ನು ಕಂಡವರು ಇದನ್ನು ಗಮನದಲ್ಲಿಡಬೇಕು.

ಜೋಡನ್ನು ಆರಿಸುವ ಬಗೆಯನ್ನೇ ಶಾಸ್ತ್ರವನ್ನಾಗಿ ಮಾಡಿದ ಶ್ರೇಯಸ್ಸು ಮತ್ತೆ ಒಬ್ಬ ಸೈನ್ಯದ ವೈದ್ಯರಿಗೆ ಸಲ್ಲಬೇಕು. ಅಮೆರಿಕದ ಎಡ್ವರ್ಡ್ ಲೈಮನ್ ಮನ್ಸನ್ ಮತ್ತು ಅವರ ಸಂಗಡಿಗರು ನಾಲ್ಕು ವರ್ಷಗಳ ಕಾಲ ಸುಮಾರು ಎರಡು ಸಾವಿರ ಸೈನಿಕರ ಕಾಲುಗಳನ್ನು ಪರೀಕ್ಷಿಸಿದರು. ೧೯೧೨ರಲ್ಲಿ ಮನ್ಸನ್ ಇದನ್ನು ಕುರಿತ ಗ್ರಂಥವನ್ನು ಹೊರತಂದರು. ಅವರು ರೂಪಿಸಿದ ಅಚ್ಚನ್ನು ಸೈನ್ಯ ಒಪ್ಪಿಕೊಂಡಿತು. ಅದು ಒಳಅಂಚಿನಲ್ಲಿ ನೇರ, ಬೆರಳುಗಳ ಬಳಿ ಧಾರಾಳ. ಮೇಯರ್ ಎಳೆದ ಗೆರೆ ಅರ್ಧ ಶತಮಾನದ ಮೇಲೆ ಸರ್ಕಾರದ ಆಜ್ಞೆಯಾಯಿತು.

ಆ ಆಜ್ಞೆಯಲ್ಲಿ ನನ್ನನ್ನು ಸೆಳೆದ ಎರಡು ಅಂಶಗಳಿವೆ. ಮೊದಲನೆಯದು, ಸೈನಿಕನ ಕಾಲಿನ ಅಳತೆಯನ್ನು ಅವನು ಕುಳಿತಿರುವಾಗ ತೆಗೆಯಕೂಡದು. ಬೆನ್ನ ಮೇಲೆ ನಲವತ್ತು ಪೌಂಡು, ಎಂದರೆ ಸುಮಾರು ಹದಿನೆಂಟು ಕಿಲೋ ಹೊರೆ ಹೊರಿಸಿ, ನಿಲ್ಲಿಸಿ ಅಳೆಯಬೇಕು. ಹೊರೆ ಬಿದ್ದಾಗ ಪಾದ ಉದ್ದವಾಗುತ್ತದೆ, ಅಗಲವಾಗುತ್ತದೆ. ಜೋಡು ಕಾಯಬೇಕಾದದ್ದು ಆ ಪಾದವನ್ನು. ಎರಡನೆಯದು, ಹೊಸ ಜೋಡು ತೊಟ್ಟವನು ಎರಡೂವರೆ ಅಂಗುಲ ಆಳದ ನೀರಿನಲ್ಲಿ ಐದು ನಿಮಿಷ ನಿಂತು, ತೊಗಲು ಮೆತ್ತಗಾದ ಮೇಲೆ, ಅದು ಕಾಲಿನ ಮೇಲೆಯೇ ಆರುವವರೆಗೆ ಸುಮಾರು ಒಂದು ಗಂಟೆ ಸಮನೆಲದಲ್ಲಿ ನಡೆಯಬೇಕು. ಹಾಗೆ ಆರಿದ ತೊಗಲು ಆ ಕಾಲಿನ ಏರುತಗ್ಗುಗಳನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಈ ಉಪಾಯ ಅಂದಿನ ತೊಗಲಿನ ಬೂಟಿಗೆ ಹೇಳಿದ್ದು. ಇಂದಿನ ಬಟ್ಟೆ, ನೈಲಾನುಗಳ ಬೂಟಿಗೆ ಹೊಂದದು. ಆದರೆ ಹೊರೆ ಹೊತ್ತು ನಿಂತು ಅಳೆಯುವ ನಿಯಮಕ್ಕೆ ಮುಪ್ಪಿಲ್ಲ.

ಸಮನೆಲದಿಂದ ಪರ್ವತಕ್ಕೆ ಏರಿದರೆ ಪಣ ಇನ್ನೂ ದೊಡ್ಡದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಿಮ ಹತ್ತುವವರ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು ಜಡಿಯುತ್ತಿದ್ದರು. ರೋಮಿನ ಸಿಪಾಯಿಯ ಉಪಾಯವೇ ಅದು. ಮೊಳೆ ಹಿಮವನ್ನು ಹಿಡಿಯುತ್ತದೆ ನಿಜ. ಆದರೆ ಲೋಹದ ಮೂಲಕ ಚಳಿ ನೇರವಾಗಿ ಪಾದಕ್ಕೆ ಇಳಿಯುತ್ತದೆ. ೧೯೨೪ರ ಜೂನ್ ೮ರಂದು ಎವರೆಸ್ಟಿನ ತುದಿಯ ಸಮೀಪ ಮೋಡದಲ್ಲಿ ಮರೆಯಾದ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಅರ್ವಿನ್ ಇಂಥ ಬೂಟುಗಳನ್ನೇ ತೊಟ್ಟಿದ್ದರು. ೧೯೯೯ರ ಮೇ ೧ರಂದು ಮ್ಯಾಲರಿಯ ದೇಹ ಪತ್ತೆಯಾದಾಗ ಮೊಳೆಯ ಬೂಟು ಕಾಲಲ್ಲಿಯೇ ಇತ್ತು. ೨೦೨೪ರ ಸೆಪ್ಟೆಂಬರಿನಲ್ಲಿ ಮಧ್ಯ ರೊಂಗ್‌ಬುಕ್ ಹಿಮನದಿಯಲ್ಲಿ ಇನ್ನೊಂದು ಬೂಟು ಸಿಕ್ಕಿತು. ಅದರೊಳಗಿನ ಕಾಲುಚೀಲದ ಮೇಲೆ ಎ. ಸಿ. ಅರ್ವಿನ್ ಎಂಬ ಹೆಸರಿನ ಪಟ್ಟಿ ಹೊಲಿದಿತ್ತು. ನೂರು ವರ್ಷಗಳ ತರುವಾಯ ಒಬ್ಬ ಮನುಷ್ಯನ ಗುರುತನ್ನು ಹೇಳಲು ಉಳಿದದ್ದು ಅವನ ಬೂಟು.

ಮೊಳೆಗೆ ಬದಲಾಗಿ ಬೇರೊಂದನ್ನು ತಂದದ್ದು ಒಂದು ದುರಂತ. ೧೯೩೫ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದ ಪರ್ವತಾರೋಹಿಗಳ ತಂಡವೊಂದು ಆಲ್ಪ್ಸಿನ ಪುಂತ ರಾಸಿಕ ಎಂಬ ಶಿಖರವನ್ನು ಹತ್ತುತ್ತಿತ್ತು. ಕಡಿದಾದ ಬಂಡೆಯ ಮೇಲೆ ಮೊಳೆಯ ಬೂಟು ಭಾರವಾಗುತ್ತದೆಂದು, ಅದನ್ನು ಕೆಳಗೆ ಬಿಟ್ಟು ಮೆತ್ತನೆಯ ಅಟ್ಟೆಯ ಹಗುರ ಜೋಡು ತೊಡುವುದು ಅಂದಿನ ವಾಡಿಕೆ. ಹಠಾತ್ತನೆ ಹಿಮದ ಬಿರುಗಾಳಿ ಎದ್ದಿತು. ಹೆಪ್ಪುಗಟ್ಟಿದ ಬಂಡೆಯ ಮೇಲೆ ಆ ಜೋಡುಗಳು ನಿಲ್ಲಲಿಲ್ಲ; ಬೆಚ್ಚಗೂ ಇಡಲಿಲ್ಲ. ಆರು ಮಂದಿ ಸತ್ತರು. ಅವರ ಗೆಳೆಯ ವಿತಾಲೆ ಬ್ರಮಾನಿ ಈ ಸಾವುಗಳನ್ನು ಮರೆಯಲಿಲ್ಲ. ಬಂಡೆಗೂ ಹಿಮಕ್ಕೂ ಒಂದೇ ಅಟ್ಟೆ ಸಾಧ್ಯವಿಲ್ಲವೇ ಎಂದು ಹುಡುಕಿ, ಗಂಧಕದಿಂದ ಹದಗೊಳಿಸಿದ ರಬ್ಬರಿನಲ್ಲಿ ಆಳವಾದ ಹಲ್ಲುಗಳನ್ನು ಎರಕ ಹೊಯ್ದರು. ೧೯೩೭ರಲ್ಲಿ ಅದಕ್ಕೆ ಹಕ್ಕುಪತ್ರ ಬಂತು. ಯುದ್ಧದ ಟ್ಯಾಂಕಿನ ಪಟ್ಟಿಯನ್ನು ಹೋಲುತ್ತಿದ್ದುದರಿಂದ ಇಟಲಿಯ ಭಾಷೆಯಲ್ಲಿ ಅದಕ್ಕೆ ಟ್ಯಾಂಕು ಎಂದೇ ಹೆಸರಾಯಿತು. ಅವರ ಹೆಸರಿನ ಮೊದಲಕ್ಷರಗಳು ಕೂಡಿದ 'ವಿಬ್ರಂ' ಎಂಬ ಪದ ಇಂದು ಲೋಕದ ಅಸಂಖ್ಯ ಬೂಟುಗಳ ಅಡಿಯಲ್ಲಿದೆ. ೧೯೫೪ರಲ್ಲಿ ಇಟಲಿಯವರು ಕೆ-೨ ಶಿಖರವನ್ನು ಮೊದಲ ಬಾರಿಗೆ ಏರಿದ್ದು ಇದೇ ಅಟ್ಟೆಯ ಮೇಲೆ. ಅದಕ್ಕೆ ಒಂದು ವರ್ಷ ಮೊದಲು ಎವರೆಸ್ಟನ್ನು ಗೆದ್ದ ತಂಡದ ಎತ್ತರದ ಬೂಟುಗಳ ಒಳಪದರದಲ್ಲಿ ಚಳಿಗೆ ತಡೆಯಾಗಿ ಇದ್ದದ್ದೇನು? ಬೂರುಗದ ಬಳಗಕ್ಕೆ ಸೇರಿದ ಮರದ ಅರಳೆ! ಎಟ್ಸಿಯ ಒಣಹುಲ್ಲಿನ ತತ್ತ್ವವೇ ಅಲ್ಲಿಯೂ ಕೆಲಸ ಮಾಡಿತು.

ನಮ್ಮ ನಾಡಿನಲ್ಲಿ ಈ ಕಥೆ ಬೇರೆ ಹಾದಿ ಹಿಡಿಯಿತು. ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ತೊಗಲನ್ನು ಹದಮಾಡುವ ವಿದ್ಯೆ ಇಲ್ಲಿ ಹಳೆಯದು. ಹೀಗೆ ಹದವಾದ ತೊಗಲು ಗಟ್ಟಿ. ಕಾಲಕ್ರಮದಲ್ಲಿ ಕಾಲಿನ ಆಕಾರಕ್ಕೆ ಒಗ್ಗುತ್ತದೆ. ಆದರೆ ನೀರಿಗೆ ಅಂಜುತ್ತದೆ. ಕ್ರೋಮಿಯಂ ಲವಣದಿಂದ ತೊಗಲನ್ನು ಹದಮಾಡುವ ಹೊಸ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಪ್ರಯೋಗಕ್ಕೆ ತಂದವರು ಆಲ್‌ಫ್ರೆಡ್ ಚಾಟರ್ಟನ್. ಅವರ ಮನಸ್ಸಿನಲ್ಲಿದ್ದ ಉಪಯೋಗಗಳಲ್ಲಿ ಮುಖ್ಯವಾದದ್ದು ರೈತನ ಕಪಿಲೆಯ ಬಾನಿ. ಸದಾ ನೀರಿನಲ್ಲಿ ನೆನೆದರೂ ಕೊಳೆಯದ ತೊಗಲು ಅದಕ್ಕೆ ಬೇಕಾಗಿತ್ತು. ೧೯೧೨ರಲ್ಲಿ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಬಾವಿಯ ನೀರನ್ನು ತಾಳಿಕೊಳ್ಳುವ ತೊಗಲು ಮಳೆಯ ಕೆಸರನ್ನೂ ತಾಳಿಕೊಳ್ಳುತ್ತದೆ. ಇಂಬಳಗಳ ಕಾಡಿನಲ್ಲಿ ನಡೆಯುವವನಿಗೆ ಕ್ರೋಮ್ ಹದದ ತೊಗಲು, ಬಯಲುಸೀಮೆಯ ಒಣ ದಾರಿಗೆ ಅಥಣಿ, ನಿಪ್ಪಾಣಿಗಳ ಕಡೆಯ ಚಪ್ಪಲಿ ಎಂದು ಸ್ಥೂಲವಾಗಿ ಹೇಳಬಹುದು. ಕೊಲ್ಹಾಪುರದ ಹೆಸರಿನಿಂದ ಲೋಕಪ್ರಸಿದ್ಧವಾದ ಆ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಆ ಹಕ್ಕು ಸಂದಿತು.

ಆದರೆ ನಮ್ಮ ಇತಿಹಾಸದ ಕಹಿ ಇನ್ನೊಂದಿದೆ. ಇಲ್ಲಿ ಜೋಡು ಮಾಡುವ ಕೈಗೆ ಜೋಡು ತೊಡುವ ಹಕ್ಕಿರಲಿಲ್ಲ. ಊರಿನವರ ಮೆಟ್ಟನ್ನು ಹೊಲಿದುಕೊಟ್ಟವನು ಊರ ಬೀದಿಯಲ್ಲಿ ತನ್ನ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಸಂವಿಧಾನ ೧೯೫೦ರಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ೧೯೫೫ರ ಕಾನೂನು ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಆಚರಣೆ ಕಾಗದದಷ್ಟು ಬೇಗ ಬದಲಾಗಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಹರಳಯ್ಯ ಮತ್ತು ಅವರ ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆಗಳನ್ನು ಮಾಡಿದರೆಂದೂ, ಅವನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಹೊತ್ತರೆಂದೂ ನಮ್ಮ ಪರಂಪರೆ ಹೇಳುತ್ತದೆ. ಜೋಡನ್ನು ಕೊಳ್ಳುವಾಗ ಅದನ್ನು ಮಾಡಿದವನ ನೆನಪಿರಬೇಕೆಂದು ಇದಕ್ಕಿಂತ ಗಾಢವಾಗಿ ಹೇಳಿದ ಕಥೆಯನ್ನು ನಾನು ಯಾವ ದೇಶದ ಚರಿತ್ರೆಯಲ್ಲಿಯೂ ಕಂಡಿಲ್ಲ.

ಈಗ ತರುಣ ಮಿತ್ರರ ಪ್ರಶ್ನೆಗೆ ಬರೋಣ. ಸಂಜೆಯ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ನಡೆದ ಪಾದ ಆಗ ತುಸು ಊದಿರುತ್ತದೆ. ಬೆಟ್ಟದಲ್ಲಿ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು, ಬೆನ್ನಿಗೆ ಚೀಲ ಏರಿಸಿ, ನಿಂತು ನೋಡಿ. ನಿಮ್ಮ ಎರಡು ಕಾಲುಗಳು ಸಮವಾಗಿರಲಾರವು. ದೊಡ್ಡ ಕಾಲಿಗೆ ಹೊಂದುವುದನ್ನು ಆರಿಸಿ. ಹಿಮ್ಮಡಿ ಮೇಲೇಳಬಾರದು, ಬೆರಳುಗಳು ಒಳಗೆ ಆಡಬೇಕು. ಇಳಿಜಾರಿನಲ್ಲಿ ಇಳಿಯುವಾಗ ಬೆರಳು ತುದಿಗೆ ತಾಗಬಾರದು. ಭಾರವನ್ನು ಕೈಯಲ್ಲಿ ತೂಗಿ ನೋಡಿ: ಕಾಲಿಗೆ ಕಟ್ಟಿದ ಒಂದು ಪೌಂಡು ಬೆನ್ನಿಗೆ ಹೊತ್ತ ಐದು ಪೌಂಡಿಗೆ ಸಮ ಎಂಬುದು ಬೆಟ್ಟ ಹತ್ತುವವರ ಹಳೆಯ ಮಾತು. ನಿತ್ಯ ಕಚೇರಿಗೂ ನಮ್ಮ ಪಶ್ಚಿಮಘಟ್ಟಗಳ ಒಂದೆರಡು ದಿನಗಳ ನಡಿಗೆಗೂ ಹಿಮಾಲಯದ ಬೂಟು ಬೇಕಿಲ್ಲ. ಹಲ್ಲುಳ್ಳ ರಬ್ಬರ್ ಅಟ್ಟೆ, ಬಿಚ್ಚಿ ಹೊಲಿಯಬಹುದಾದ ಅಂಚು, ಕಣಕಾಲನ್ನು ಮುಟ್ಟುವ ಮೇಲ್ದೊಗಲು ಸಾಕು. ಮತ್ತು ಯಾವ ಹೊಸ ಬೂಟನ್ನೂ ನೇರವಾಗಿ ಬೆಟ್ಟಕ್ಕೆ ಕೊಂಡೊಯ್ಯಬೇಡಿ. ಕೆಲವು ವಾರ ಪೇಟೆಯ ಬೀದಿಯಲ್ಲಿ ಅದಕ್ಕೆ ನಿಮ್ಮ ಕಾಲಿನ ಪರಿಚಯವಾಗಲಿ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕ, ಬ್ರಿಟನ್ನುಗಳ ಜೋಡಿನ ಅಂಗಡಿಗಳಲ್ಲಿ ಎಕ್ಸರೇ ಯಂತ್ರಗಳನ್ನು ಇಟ್ಟಿದ್ದರು. ಬೂಟಿನೊಳಗೆ ಬೆರಳಿನ ಮೂಳೆಗಳು ಹೇಗೆ ಕೂತಿವೆ ಎಂದು ತಾಯಂದಿರು ಇಣುಕಿ ನೋಡುತ್ತಿದ್ದರು. ವಿಕಿರಣದ ಅಪಾಯ ತಿಳಿದ ಮೇಲೆ, ೧೯೫೭ರಲ್ಲಿ ಪೆನ್ಸಿಲ್ವೇನಿಯ ರಾಜ್ಯ ಅವನ್ನು ನಿಷೇಧಿಸಿತು. ಇತರೆಡೆಗಳಲ್ಲಿಯೂ ಅವು ಕ್ರಮೇಣ ಮಾಯವಾದವು. ಮೂಳೆಯನ್ನು ಕಾಣುವ ಯಂತ್ರವಿತ್ತು. ಆ ಕಾಲಿನ ಒಡೆಯನಾದ ಮಗುವನ್ನು 'ಕಚ್ಚುತ್ತದೆಯೇನಪ್ಪ?' ಎಂದು ಕೇಳುವ ತಾಳ್ಮೆಯಿತ್ತೇ? ನಮ್ಮ ಅಂಗಡಿಗಳಲ್ಲಿ ಅಂಥ ಯಂತ್ರವಿಲ್ಲ. ನೆಲಕ್ಕೆ ತಾಗಿಸಿ ಓರೆಯಾಗಿ ನಿಲ್ಲಿಸಿದ ಒಂದು ಚಿಕ್ಕ ಕನ್ನಡಿ ಇರುತ್ತದೆ. ಹೊಸ ಬೂಟು ಅದರಲ್ಲಿ ಬಹಳ ಚೆಂದವಾಗಿ ಕಾಣುತ್ತದೆ. ಕಣ್ಣು ಒಪ್ಪಿದ ಮೇಲೂ ಹಣ ಕೊಡುವ ಮೊದಲು, ಆ ಕನ್ನಡಿಗೆ ಬೆನ್ನು ಮಾಡಿ ನೂರು ಹೆಜ್ಜೆ ನಡೆಯಿರಿ. ತೀರ್ಪು ಹೇಳುವ ಹಕ್ಕು ಕಾಲಿನದು.